ಗಾಜಿನ ತೊಟ್ಟಿಯ ಏಕೇಂದ್ರಿಯಗಳು

ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಬಗೆಬಗೆಯ ಜಲಸಸ್ಯಗಳನ್ನು ಬೆಳೆಸುವ ಹವ್ಯಾಸಕ್ಕೆ ಜೈನ ಆಚಾರಶಾಸ್ತ್ರದ ಕಡೆಯಿಂದ ಒಂದು ನೇರ ಪ್ರಶ್ನೆ ಎದುರಾಗುತ್ತದೆ. ಜೀವವಿದ್ದೂ ಓಡಲಾರದ, ಕೂಗಲಾರದ ಒಂದನ್ನು ಕಣ್ಣಿನ ಸಂತೋಷಕ್ಕಾಗಿ ತಂದು ನೆಡುವುದು, ಬೆಳೆದಂತೆಲ್ಲ ಕತ್ತರಿಸುವುದು, ಹೆಚ್ಚಾದಾಗ ಕಿತ್ತೆಸೆಯುವುದು ಹಿಂಸೆಯೇ? ಹಿಂಸೆಯೆಂದಾದರೆ ಗೃಹಸ್ಥನಿಗೆ ಅದರಲ್ಲಿ ಎಷ್ಟು ಸಲ್ಲುತ್ತದೆ? ಮೀನಿನ ವಿಷಯದಲ್ಲಿ ಈ ಚರ್ಚೆ ಬೇಗ ಮುಗಿಯುತ್ತದೆ. ಮೀನು ಪಂಚೇಂದ್ರಿಯ ಜೀವಿ. ಅದನ್ನು ಗಾಜಿನೊಳಗೆ ಕೂಡಿಹಾಕುವುದಕ್ಕೆ ಜೈನ ದೃಷ್ಟಿಯಲ್ಲಿ ಸಮರ್ಥನೆ ಸಿಗುವುದು ಕಷ್ಟ. ಗಿಡದ ಮಾತು ಅಷ್ಟು ಸುಲಭವಲ್ಲ. ಗಿಡವನ್ನು ತಿನ್ನದೆ ಯಾರೂ ಬದುಕಲಾರರು, ಗಿಡ ಕತ್ತರಿಸಿದರೆ ನೋವಾಯಿತೆಂದು ಯಾರೂ ಕಂಡವರಿಲ್ಲ. ಆದ್ದರಿಂದಲೇ ಮೀನಿಲ್ಲದ, ಗಿಡಗಳಷ್ಟೇ ಇರುವ ತೊಟ್ಟಿ ಈ ಪ್ರಶ್ನೆಯ ಪರೀಕ್ಷೆಗೆ ಒಳ್ಳೆಯ ಉದಾಹರಣೆ.

ಇಂಥ ತೊಟ್ಟಿಯೊಂದು ದೇಶದೇಶಗಳ ಗಿಡಗಳು ಸೇರಿದ ಸಂತೆ. ಪಶ್ಚಿಮ ಆಫ್ರಿಕಾದ ಹೊಳೆಗಳ ಅನೂಬಿಯಸ್, ಬೋರ್ನಿಯೋದ ಬಂಡೆಗಳಿಗೆ ಅಂಟಿ ಬೆಳೆಯುವ ಬ್ಯೂಸಿಫಲಾಂಡ್ರಾ, ದಕ್ಷಿಣ ಅಮೆರಿಕದ ಎಕೈನೋಡೋರಸ್, ಶ್ರೀಲಂಕಾದ ಕ್ರಿಪ್ಟೋಕೊರೈನ್ ವೆಂಡ್ಟಿಯೈ, ಆಗ್ನೇಯ ಏಷ್ಯಾದ ಜಾವಾ ಫರ್ನ್ ಒಂದೇ ನೀರಿನಲ್ಲಿ ನಿಲ್ಲುತ್ತವೆ. ನಮ್ಮ ಕಡೆಯವೂ ಕಡಿಮೆಯಿಲ್ಲ. ಕೆಂಪು ಎಲೆಯ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದು, ಲ್ಯಾಜಿನಾಂಡ್ರಾ ಮೀಬೋಲ್ಡಿಯೈ ಪಶ್ಚಿಮ ಘಟ್ಟದ್ದು. ಗದ್ದೆಯಂಚಿನ ನೀರುಬ್ರಾಹ್ಮಿಯೂ, ಕೆರೆಗಳಲ್ಲಿ ತಾನಾಗಿ ಬೆಳೆಯುವ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾಗಳೂ ಜಗತ್ತಿನ ಅಂಗಡಿಗಳಲ್ಲಿ ಮಾರಾಟವಾಗುತ್ತವೆ. ಇವುಗಳ ಬೇಡಿಕೆ ಒಂದೇ ಅಲ್ಲ. ಅನೂಬಿಯಸ್ ಮಂದ ಬೆಳಕಿನಲ್ಲೂ ಬದುಕುತ್ತದೆ, ಅದರ ಅಡ್ಡಕಾಂಡವನ್ನು ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ. ರೊಟಾಲಾದ ಕೆಂಪು ಉಳಿಯಬೇಕಾದರೆ ಗಟ್ಟಿ ಬೆಳಕು ಬೇಕು, ನೀರಿಗೆ ಇಂಗಾಲದ ಡೈಆಕ್ಸೈಡ್ ಊಡಿಸಬೇಕು. ಕ್ರಿಪ್ಟೋಕೊರೈನ್‌ಗೆ ಬೇರಿನ ಬಳಿ ಗೊಬ್ಬರ ಬೇಕು, ಹೈಡ್ರಿಲ್ಲಾಕ್ಕೆ ಏನೂ ಬೇಡ. ಇಷ್ಟು ಬಗೆ ಒಂದೆಡೆ ಇದ್ದಾಗ ಯಾವುದೋ ಒಂದು ಇನ್ನೊಂದನ್ನು ತುಳಿದೇ ಬೆಳೆಯುತ್ತದೆ. ಕತ್ತರಿ ಇಲ್ಲದೆ ವೈವಿಧ್ಯ ಉಳಿಯುವುದಿಲ್ಲ. ನೀತಿಯ ಪ್ರಶ್ನೆ ಹುಟ್ಟುವುದೂ ಅಲ್ಲಿಯೇ: ಹಲವನ್ನು ಉಳಿಸುವುದಕ್ಕಾಗಿ ಕೆಲವನ್ನು ಕತ್ತರಿಸುವ ಕೆಲಸ ಇದು.

ಗಿಡಕ್ಕೆ ಜೀವವಿದೆ ಎಂಬುದರಲ್ಲಿ ಭಾರತದ ಪರಂಪರೆಗಳಿಗೆ ಹೆಚ್ಚು ಸಂದೇಹವಿರಲಿಲ್ಲ. ಭೇದವಿದ್ದದ್ದು ಆ ಜೀವ ಎಂಥದು ಎಂಬುದರಲ್ಲಿ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗನಿಗೆ ಮರದ ಉದಾಹರಣೆ ಕೊಡುತ್ತಾನೆ. ಬುಡಕ್ಕೆ ಕಡಿದರೂ ತುದಿಗೆ ಕಡಿದರೂ ಮರ ರಸ ಸುರಿಸುತ್ತಾ ಬದುಕಿರುತ್ತದೆ. ಜೀವ ಒಂದು ಕೊಂಬೆಯನ್ನು ಬಿಟ್ಟರೆ ಆ ಕೊಂಬೆ ಒಣಗುತ್ತದೆ, ಇಡೀ ಮರವನ್ನು ಬಿಟ್ಟರೆ ಮರವೇ ಒಣಗುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಇನ್ನೂ ಮುಂದೆ ಹೋಗುತ್ತಾನೆ. ಭರದ್ವಾಜನ ಅನುಮಾನಕ್ಕೆ ಉತ್ತರವಾಗಿ ಮರಗಳು ಕೇಳುತ್ತವೆ, ನೋಡುತ್ತವೆ, ಮೂಸುತ್ತವೆ, ಬೇರಿನಿಂದ ಕುಡಿಯುತ್ತವೆ ಎಂದು ಒಂದೊಂದಾಗಿ ವಾದಿಸಿ ಐದೂ ಇಂದ್ರಿಯಗಳನ್ನು ಅವಕ್ಕೆ ಕೊಡುತ್ತಾನೆ. ಬೌದ್ಧರ ವಿನಯದಲ್ಲಿ ಭಿಕ್ಷು ಗಿಡ ಕಡಿಯಬಾರದೆಂಬ ನಿಯಮವಿದೆಯಾದರೂ, ನಂತರದ ಭಾರತೀಯ ಬೌದ್ಧ ಚಿಂತನೆ ಗಿಡಗಳನ್ನು ಚೇತನ ಜೀವಿಗಳ ಪಟ್ಟಿಯಿಂದ ಬಹುಮಟ್ಟಿಗೆ ಹೊರಗಿಟ್ಟಿತು. ಗ್ರೀಸಿನ ಅರಿಸ್ಟಾಟಲ್ ಗಿಡಕ್ಕೆ ಆತ್ಮವನ್ನು ಒಪ್ಪಿದ, ಸಂವೇದನೆಯನ್ನು ಒಪ್ಪಲಿಲ್ಲ. ಉಣ್ಣುವ, ಬೆಳೆಯುವ, ಸಂತಾನ ಕೊಡುವ ಶಕ್ತಿಗಷ್ಟೇ ಅವನ ಲೆಕ್ಕದಲ್ಲಿ ಜಾಗ.

ಜೈನ ಸಿದ್ಧಾಂತ ಭೃಗುವಿನಷ್ಟು ಉದಾರವೂ ಅಲ್ಲ, ಅರಿಸ್ಟಾಟಲನಷ್ಟು ಜಿಪುಣವೂ ಅಲ್ಲ. ಅದರ ಪ್ರಕಾರ ಸಂಸಾರಿ ಜೀವಗಳು ಸ್ಥಾವರ, ತ್ರಸ ಎಂದು ಎರಡು. ಪೃಥ್ವಿಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ ಎಂಬ ಐದು ಸ್ಥಾವರಗಳಿಗೆ ಸ್ಪರ್ಶವೊಂದೇ ಇಂದ್ರಿಯ. ಎರಡರಿಂದ ಐದು ಇಂದ್ರಿಯಗಳುಳ್ಳವು ತ್ರಸ. ಏಕೇಂದ್ರಿಯಕ್ಕೂ ನಾಲ್ಕು ಪ್ರಾಣಗಳಿವೆ: ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಸ್ಸು. ಮನಸ್ಸಿಲ್ಲ, ಮಾತಿಲ್ಲ. ಕುಂದಕುಂದಾಚಾರ್ಯರ ಪಂಚಾಸ್ತಿಕಾಯ ಇಂಥ ಜೀವವನ್ನು ಮೊಟ್ಟೆಯೊಳಗೆ ಬೆಳೆಯುತ್ತಿರುವ ಮರಿಗೆ, ಗರ್ಭದ ಶಿಶುವಿಗೆ, ಮೂರ್ಛೆ ಹೋದ ಮನುಷ್ಯನಿಗೆ ಹೋಲಿಸುತ್ತದೆ. ಹೊರಗೆ ಚಲನೆ ಕಾಣದು, ಆದರೆ ಜೀವವಿಲ್ಲವೆನ್ನಲು ಬಾರದು. ಶ್ವೇತಾಂಬರ ಆಗಮಗಳಲ್ಲಿ ಮೊದಲನೆಯದಾದ ಆಚಾರಾಂಗ ಸೂತ್ರವೂ ಮನುಷ್ಯದೇಹವನ್ನೂ ಗಿಡವನ್ನೂ ಪಕ್ಕಪಕ್ಕ ಇಟ್ಟು, ಎರಡೂ ಹುಟ್ಟುತ್ತವೆ, ಬೆಳೆಯುತ್ತವೆ, ಕತ್ತರಿಸಿದರೆ ಬಾಡುತ್ತವೆ, ಆಹಾರ ಬೇಡುತ್ತವೆ ಎಂದು ತೋರಿಸುತ್ತದೆ.

ಇಂದಿನ ಸಸ್ಯವಿಜ್ಞಾನ ಇದಕ್ಕೆ ಸಾಕ್ಷಿ ನುಡಿಯುತ್ತದೆಂದು ಹೇಳುವುದು ಕೆಲವರಿಗೆ ಇಷ್ಟ. ಜಗದೀಶಚಂದ್ರ ಬೋಸರು 1902ರಲ್ಲಿ ಪ್ರಕಟಿಸಿದ ಗ್ರಂಥದಿಂದ ಆರಂಭಿಸಿ, ಗಿಡಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುತ್ತವೆ, ಗಾಯಕ್ಕೆ ಅವು ಪ್ರತಿಕ್ರಿಯೆ ತೋರುತ್ತವೆ ಎಂಬುದು ನಿಜವೂ ಹೌದು. ಆದರೆ ಪ್ರತಿಕ್ರಿಯೆ ಬೇರೆ, ಅನುಭವ ಬೇರೆ. ಗಿಡಗಳಿಗೆ ಪ್ರಜ್ಞೆ ಇಲ್ಲ, ಅದರ ಅಗತ್ಯವೂ ಇಲ್ಲ ಎಂದು ಲಿಂಕನ್ ಟೈಜ್ ಮತ್ತು ಸಂಗಡಿಗರು 2019ರಲ್ಲಿ ಖಂಡಿತವಾಗಿ ವಾದಿಸಿದರು. ಜೈನ ವಾದ ಈ ಜಗಳದ ತೀರ್ಪಿಗೆ ಕಾಯಬೇಕಾಗಿಲ್ಲ. ಅದು ಹಿಂಸೆಯನ್ನು ಅಳೆಯುವುದು ಸತ್ತ ಜೀವಿಯ ನೋವಿನಿಂದ ಮಾತ್ರವಲ್ಲ, ಕೊಂದವನ ಮನಸ್ಸಿನಿಂದ ಕೂಡ.

ಮನಸ್ಸಿಗೆ ಬರುವ ಮೊದಲು ಗಿಡದ ದೇಹವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಇದನ್ನು ಮಾಡಿದ ಗ್ರಂಥಗಳಲ್ಲಿ ಒಂದು ಕರ್ನಾಟಕದ್ದೇ. ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಗಂಗರ ಮಂತ್ರಿ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಹತ್ತನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ಬರೆದ ಗೊಮ್ಮಟಸಾರಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡ ವೃತ್ತಿ ರಚಿಸಿದ. ಗೊಮ್ಮಟಸಾರದ ಜೀವಕಾಂಡ ಗಿಡಗಳನ್ನು ಅವು ಹುಟ್ಟುವ ಬಗೆಯಿಂದ ವಿಂಗಡಿಸುತ್ತದೆ. ಬೇರಿನಿಂದ ಹುಟ್ಟುವುದು ಮೂಲಬೀಜ, ತುದಿಯಿಂದ ಅಗ್ರಬೀಜ, ಗಿಣ್ಣಿನಿಂದ ಪರ್ವಬೀಜ, ಗೆಡ್ಡೆಯಿಂದ ಕಂದಬೀಜ, ಕಾಂಡದಿಂದ ಸ್ಕಂಧಬೀಜ, ಬೀಜದಿಂದ ಬೀಜರುಹ; ಇವಾವುದೂ ಇಲ್ಲದೆ ತಾನಾಗಿ ಹುಟ್ಟುವಂಥದು ಸಮ್ಮೂರ್ಛಿಮ. ತೊಟ್ಟಿಯ ಗಿಡಗಳನ್ನು ಈ ಚೌಕಟ್ಟಿನಲ್ಲಿ ಕೂರಿಸುವುದು ಕಷ್ಟವೇನಲ್ಲ. ಪ್ರತಿ ಗಿಣ್ಣಿನಲ್ಲೂ ಹೊಸ ಗಿಡವಾಗುವ ರೊಟಾಲಾ, ನೀರುಬ್ರಾಹ್ಮಿಗಳು ಪರ್ವಬೀಜ. ಗೆಡ್ಡೆಯಿಂದ ಏಳುವ ಅಪೊನೊಜೆಟಾನ್, ನೈದಿಲೆಗಳು ಕಂದಬೀಜ. ಪ್ರಯೋಗಾಲಯದ ಪುಟ್ಟ ಡಬ್ಬಿಗಳಲ್ಲಿ ಬರುವ ಅಂಗಾಂಶ ಕೃಷಿಯ ಸಸಿಗಳನ್ನು ನೇಮಿಚಂದ್ರರು ಕಂಡಿರಲಿಲ್ಲ. ಕಂಡಿದ್ದರೆ ಬಹುಶಃ ಅಗ್ರಬೀಜದ ಪಕ್ಕ ಇಡುತ್ತಿದ್ದರು.

ಹೆಚ್ಚು ತೊಡಕಿನ ಮಾತು ಇದರ ನಂತರ ಬರುತ್ತದೆ. ಒಂದು ದೇಹಕ್ಕೆ ಒಂದೇ ಜೀವ ಒಡೆಯನಾಗಿರುವ ಗಿಡ ಪ್ರತ್ಯೇಕ, ಒಂದೇ ದೇಹದಲ್ಲಿ ಅನಂತ ಜೀವಗಳು ಒಟ್ಟಿಗೆ ಉಸಿರಾಡುವಂಥದು ಸಾಧಾರಣ ಅಥವಾ ನಿಗೋದ. ಪ್ರತ್ಯೇಕ ಗಿಡದ ಆಸರೆಯಲ್ಲೂ ಇಂಥ ಅನಂತ ಜೀವಗಳು ನೆಲೆಸಿರಬಹುದು. ಅದನ್ನು ಗುರುತಿಸಲು ಜೀವಕಾಂಡ ಕೊಡುವ ಲಕ್ಷಣಗಳಲ್ಲಿ ಕೆಲವು ಹೀಗಿವೆ: ನರ, ಸಂದು, ಗಿಣ್ಣುಗಳು ಎದ್ದು ಕಾಣದಿರುವುದು, ಮುರಿದರೆ ಸಮನಾಗಿ ಮುರಿಯುವುದು, ಕತ್ತರಿಸಿದ ಮೇಲೂ ಮತ್ತೆ ಚಿಗುರುವುದು. ಗೆಡ್ಡೆಗೆಣಸುಗಳನ್ನು ಶ್ರಾವಕರು, ಅಂದರೆ ಜೈನ ಗೃಹಸ್ಥರು, ಬಿಡುವ ಆಚಾರದ ಹಿಂದಿರುವ ತರ್ಕವೂ ಇದೇ. ಈ ಅಳತೆಗೋಲನ್ನು ಕಟ್ಟುನಿಟ್ಟಾಗಿ ಹಿಡಿದರೆ ಅಕ್ವೇರಿಯಂ ಗಿಡಗಳಲ್ಲಿ ಪಾರಾಗುವುದು ಬಲು ಕಡಿಮೆ. ಕತ್ತರಿಸಿದ ತುಂಡು ಮತ್ತೆ ಗಿಡವಾಗುತ್ತದೆ ಎಂಬ ಒಂದೇ ಗುಣದ ಮೇಲೆ ಈ ಹವ್ಯಾಸವೆಲ್ಲ ನಿಂತಿದೆ. ರೊಟಾಲಾದ ತುದಿ ಕತ್ತರಿಸಿ ಪಕ್ಕದಲ್ಲಿ ನೆಟ್ಟರೆ ತುದಿಯೂ ಬದುಕುತ್ತದೆ, ಉಳಿದ ಬುಡವೂ ಎರಡು ಕುಡಿ ಒಡೆಯುತ್ತದೆ. ಹಾಗಾದರೆ ಕತ್ತರಿ ಕೊಂದದ್ದು ಯಾರನ್ನು? ಹುಟ್ಟಿಸಿದ್ದು ಎಷ್ಟನ್ನು? ಒಂದು ಜೀವ ಹೋಯಿತು, ಎರಡು ಬಂದವು ಎಂದು ಕೂಡಿ ಕಳೆಯುವ ಲೆಕ್ಕ ಇಲ್ಲಿ ಮುರಿದುಬೀಳುತ್ತದೆ. ಅನಂತದಿಂದ ಒಂದಿಷ್ಟು ಕಳೆದರೂ ಉಳಿಯುವುದು ಅನಂತವೇ. ಸಂಖ್ಯೆಯನ್ನು ಹಿಡಿದು ಹೊರಟ ನೀತಿ ಈ ತೊಟ್ಟಿಯಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲಾರದು.

ಜೈನ ಆಚಾರ್ಯರು ಇದನ್ನು ಬಲ್ಲರು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಹಿಂಸೆಗೆ ಕೊಡುವ ಲಕ್ಷಣದಲ್ಲಿ ಎರಡು ಅಂಶಗಳಿವೆ: ಪ್ರಾಣವನ್ನು ಕಳೆಯುವುದು, ಅದು ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಕೂಡಿದ ವರ್ತನೆಯಿಂದ ಆಗುವುದು. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರರು ಇದನ್ನು ಕೊನೆಯವರೆಗೂ ಎಳೆಯುತ್ತಾರೆ. ರಾಗದ್ವೇಷಗಳು ಹುಟ್ಟದೆ ಎಚ್ಚರದಿಂದ ನಡೆಯುವವನ ಕೈಯಲ್ಲಿ ಪ್ರಾಣ ಹೋದರೂ ಅದು ಹಿಂಸೆಯಾಗದು. ಪ್ರಮತ್ತನ ಮುಂದೆ ಯಾವ ಜೀವವೂ ಸಾಯದಿದ್ದರೂ ಹಿಂಸೆ ಅವನ ಮುಂದೆಯೇ ಓಡುತ್ತಿರುತ್ತದೆ. ಗೃಹಸ್ಥನಿಗೆ ಅವರು ಬಿಡುವ ಜಾಗವೂ ಗಮನಿಸತಕ್ಕದ್ದು. ಯೋಗ್ಯವಾದ ಭೋಗಗಳಿಗಾಗಿ ಏಕೇಂದ್ರಿಯಗಳ ಅಲ್ಪ ಘಾತ ಅವನಿಗೆ ತಪ್ಪದು, ಉಳಿದ ಸ್ಥಾವರಗಳನ್ನು ಕೊಲ್ಲುವುದರಿಂದ ಅವನು ಹಿಂದೆ ಸರಿಯಲೇಬೇಕು. ಬದುಕುವುದಕ್ಕೆ ಅನಿವಾರ್ಯವಾದದ್ದು ಎಂದಷ್ಟೇ ಅವರು ಗೆರೆ ಎಳೆದಿದ್ದರೆ ಹೂತೋಟವೂ ಇರುತ್ತಿರಲಿಲ್ಲ, ಗಾಜಿನ ತೊಟ್ಟಿಯೂ ಇರುತ್ತಿರಲಿಲ್ಲ. ಯೋಗ್ಯ ಭೋಗ ಎಂಬ ಬಾಗಿಲನ್ನು ಅವರು ತೆರೆದಿಟ್ಟಿದ್ದಾರೆ. ಆ ಬಾಗಿಲು ಎಷ್ಟು ಅಗಲ ಎಂಬುದೇ ಪ್ರಶ್ನೆ.

ಅದನ್ನು ಅಳೆಯಲು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರಕ್ಕಿಂತ ಸರಿಯಾದ ಗ್ರಂಥವಿಲ್ಲ. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿ, ಅಂದರೆ ಪ್ರಯೋಜನವಿಲ್ಲದ ಪೀಡೆಯಿಂದ ದೂರವಿರುವುದು, ಒಂದು. ಅದರ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಸಮಂತಭದ್ರರು ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಫಲವಾಗಿ ಕೆದಕುವುದನ್ನೂ ಗಿಡವನ್ನು ನಿಷ್ಫಲವಾಗಿ ಕತ್ತರಿಸುವುದನ್ನೂ ಸುಮ್ಮನೆ ಅಲೆಯುವುದನ್ನೂ ಅಲೆದಾಡಿಸುವುದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಅಕ್ವೇರಿಯಂ ಬಲ್ಲವರಿಗೆ ಇದನ್ನು ಓದಿದಾಗ ಕೊಂಚ ಬೆಚ್ಚಿಬೀಳುವಂತಾಗುತ್ತದೆ. ತಳಕ್ಕೆ ಹಾಕಿದ ಮಣ್ಣು, ವಾರಕ್ಕೊಮ್ಮೆ ಬದಲಿಸುವ ನೀರು, ದಿನಕ್ಕೆ ಆರೆಂಟು ಗಂಟೆ ಉರಿಯುವ ದೀಪ, ಪಂಪಿನ ಗಾಳಿ, ಕತ್ತರಿಗೆ ಸಿಗುವ ಗಿಡ: ಐದೂ ಸ್ಥಾವರಗಳು ಎರಡಡಿ ಉದ್ದದ ಗಾಜಿನೊಳಗೆ ಕೂಡಿಬಂದಿವೆ. ವಿದ್ಯುದ್ದೀಪ ತೇಜಸ್ಕಾಯವೇ ಎಂಬುದರಲ್ಲಿ ಜೈನ ಸಂಪ್ರದಾಯಗಳಿಗೆ ಇಂದಿಗೂ ಒಮ್ಮತವಿಲ್ಲ. ಅದನ್ನು ಬಿಟ್ಟರೂ ನಾಲ್ಕು ಉಳಿಯುತ್ತವೆ. ಎಲ್ಲವೂ ನಿಂತಿರುವುದು ನಿಷ್ಫಲ ಎಂಬ ಒಂದು ಮಾತಿನ ಮೇಲೆ.

ಬೇರೊಂದು ದಾರಿಯಿಂದ ನಡೆದವರೂ ಇದೇ ಜಾಗಕ್ಕೆ ಬಂದು ತಲುಪಿದ್ದಾರೆ. ಸ್ವಿಟ್ಜರ್ಲೆಂಡಿನ ಸಂವಿಧಾನ ಜೀವಿಗಳ ಘನತೆಯ ಮಾತಾಡುತ್ತದೆ. ಅದು ಗಿಡಕ್ಕೆ ಹೇಗೆ ಅನ್ವಯಿಸಬೇಕೆಂದು ಅಲ್ಲಿನ ಸರ್ಕಾರದ ನೀತಿ ಸಮಿತಿಯೊಂದು 2008ರಲ್ಲಿ ವರದಿ ಕೊಟ್ಟಿತು. ಗಿಡದ ಒಳ ಅನುಭವದ ಬಗ್ಗೆ ಸದಸ್ಯರಲ್ಲಿ ಒಮ್ಮತವಿರಲಿಲ್ಲ, ಆದರೆ ಕಾರಣವಿಲ್ಲದೆ ಗಿಡಕ್ಕೆ ಹಾನಿ ಮಾಡುವುದು ತಪ್ಪು ಎಂಬುದನ್ನು ಅವರು ಒಪ್ಪಿದರು. ದಾರಿಬದಿಯ ಕಾಡುಹೂಗಳ ತಲೆಯನ್ನು ಸುಮ್ಮನೆ ಚೆಂಡಾಡಿಕೊಂಡು ಹೋಗುವುದು ಅವರು ಕೊಟ್ಟ ಉದಾಹರಣೆ. ಆ ವರ್ಷದ ಇಗ್ನೊಬೆಲ್ ಶಾಂತಿ ಪ್ರಶಸ್ತಿ, ಅಂದರೆ ನಗೆಯಾಡಲು ಕೊಡುವ ಬಹುಮಾನ, ಈ ಸಮಿತಿಗೂ ಸ್ವಿಸ್ ಜನತೆಗೂ ಸಂದಿತು. ಶ್ರಾವಕಾಚಾರ ಓದಿದವರಿಗೆ ಅದರಲ್ಲಿ ನಗುವಂಥದೇನೂ ಕಾಣದು.

ಹಾಗಾದರೆ ನೋಡಿ ಸಂತೋಷಪಡುವುದು ಫಲವೇ? ಇಲ್ಲವೆನ್ನುವ ವಾದ ಬಲವಾಗಿದೆ. ಸಂತೋಷಕ್ಕಾಗಿ ಎಂಬುದನ್ನು ಪ್ರಯೋಜನವೆಂದು ಒಪ್ಪಿದರೆ ಹೂವಿನ ತಲೆ ಹಾರಿಸುವವನಿಗೂ ಅದೇ ನೆಪ ಸಿಗುತ್ತದೆ. ಅವನಿಗೂ ಅದು ಸಂತೋಷವೇ. ಆದರೆ ಎರಡರ ನಡುವೆ ಒಂದು ಭೇದವಿದೆ. ಹೂವಿನ ತಲೆ ಹಾರಿಸುವವನ ಸಂತೋಷ ಗಿಡದ ನಾಶದಲ್ಲಿದೆ. ಗಿಡ ಸಾಕುವವನ ಸಂತೋಷ ಗಿಡದ ಏಳಿಗೆಯಲ್ಲಿದೆ. ಗಿಡ ಕೊಳೆತರೆ ಸಂತೋಷವೂ ಕೊಳೆಯುತ್ತದೆ. ತಾನು ನೋಡುವ ವಸ್ತುವಿನ ಹಿತಕ್ಕೆ ಕಟ್ಟುಬಿದ್ದ ಸಂತೋಷವನ್ನು ಯೋಗ್ಯ ಭೋಗದ ಬಾಗಿಲೊಳಗೆ ಬಿಡಬಹುದು. ಆದರೆ ಈ ಅನುಮತಿ ಷರತ್ತಿನದು. ಗಿಡದ ಹಿತ ತಪ್ಪಿದ ಕ್ಷಣ ಅದೇ ತೊಟ್ಟಿ ಅನರ್ಥದಂಡದ ಕಡೆಗೆ ಜಾರುತ್ತದೆ. ಹಿತ ತಪ್ಪುವುದಾದರೋ ಎಲ್ಲಿ ಎಂದು ನೋಡಬೇಕು.

ಗೃಹಸ್ಥನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು, ಅಂದರೆ ದೋಷಗಳನ್ನು, ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದಷ್ಟು ಹೊರಿಸುವುದು, ಅನ್ನನೀರು ತಡೆಯುವುದು. ಹಳೆಯ ವ್ಯಾಖ್ಯಾನಕಾರರ ಮನಸ್ಸಿನಲ್ಲಿದ್ದದ್ದು ಎತ್ತು, ಆಳು, ಸಾಕುಪ್ರಾಣಿಗಳು. ಗಿಡಕ್ಕೆ ಇದನ್ನು ಹೊಂದಿಸುವುದು ಗ್ರಂಥದ ಮಾತಲ್ಲ, ಅದರ ಸೂಚನೆಯನ್ನು ಮುಂದಕ್ಕೆ ಒಯ್ಯುವುದಷ್ಟೇ. ಹೊಂದಿಸಿ ನೋಡಿದರೆ ಹವ್ಯಾಸದ ಒಳಗುಟ್ಟು ಹೊರಬೀಳುತ್ತದೆ. ನಿಜವಾಗಿ ಭಯಪಡಬೇಕಾದ ಕಡೆ ಛೇದವಲ್ಲ. ಕತ್ತರಿಸುವುದು ಕಣ್ಣಿಗೆ ಕ್ರೂರ, ಗಿಡಕ್ಕೆ ಅಲ್ಲ. ಕತ್ತರಿಸದೆ ಬಿಟ್ಟ ರೊಟಾಲಾ ಮೇಲ್ಮೈ ತುಂಬಿಕೊಂಡು ತನ್ನ ಬುಡಕ್ಕೇ ಬೆಳಕಿಲ್ಲದಂತೆ ಮಾಡಿ ಕೆಳಗಿನ ಎಲೆಗಳನ್ನು ಕೊಳೆಯಿಸುತ್ತದೆ, ಪಕ್ಕದ ಕುಳ್ಳ ಗಿಡಗಳನ್ನೂ ಸಾಯಿಸುತ್ತದೆ.

ದೊಡ್ಡ ಕೇಡು ಬಂಧದಲ್ಲಿದೆ. ಅಕ್ವೇರಿಯಂ ಅಂಗಡಿಗಳಲ್ಲಿ ನೀರೊಳಗಿನ ಗಿಡವೆಂದು ಮಾರುವ ಕೆಲವು ಜಲಸಸ್ಯಗಳೇ ಅಲ್ಲ. ಲಕ್ಕಿ ಬ್ಯಾಂಬೂ ಎಂಬ ಹೆಸರಿನ ಡ್ರಸೀನಾ, ಸಿಂಗೋನಿಯಂ, ಮೊಂಡೋ ಹುಲ್ಲು ನೆಲದ ಮೇಲಿನವು. ಎಲೆ ಸಮೇತ ಮುಳುಗಿಸಿದರೆ ಕೆಲವು ವಾರ ಅಥವಾ ತಿಂಗಳು ಹಸಿರಾಗಿದ್ದಂತೆ ಕಂಡು, ಕೊನೆಗೆ ಕೊಳೆಯುತ್ತವೆ. ಅದು ಬೆಳವಣಿಗೆಯಲ್ಲ, ನಿಧಾನವಾಗಿ ಮುಳುಗಿ ಸಾಯುವುದು. ಕೊಂಡವರಿಗೆ ಗೊತ್ತಿಲ್ಲದಿದ್ದರೆ ಅಜ್ಞಾನ, ಮಾರುವವರಿಗೆ ಗೊತ್ತಿದ್ದೂ ಮಾರಿದರೆ ಅದನ್ನು ಪ್ರಮಾದ ಎಂದು ಕರೆಯುವುದೂ ಮೃದುವಾಯಿತು. ಮುಳುಗಿ ಬದುಕಬಲ್ಲ ಗಿಡಗಳ ಕತೆಯಲ್ಲೂ ಇದರ ಒಂದು ಎಳೆಯಿದೆ. ಕ್ರಿಪ್ಟೋಕೊರೈನ್, ಅನೂಬಿಯಸ್, ಎಕೈನೋಡೋರಸ್‌ಗಳನ್ನು ನರ್ಸರಿಗಳು ಸಾಮಾನ್ಯವಾಗಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತವೆ. ತೊಟ್ಟಿಗೆ ಬಂದ ಮೇಲೆ ಹಳೆಯ ಎಲೆಗಳು ಹೋಗಿ ನೀರೊಳಗಿನ ಹೊಸ ಎಲೆಗಳು ಬರಬೇಕು. ಕ್ರಿಪ್ಟೋಕೊರೈನ್‌ನಲ್ಲಂತೂ ಕೆಲವೇ ದಿನಗಳಲ್ಲಿ ಎಲೆಗಳೆಲ್ಲ ಕರಗಿ ಲೋಳೆಯಾಗುತ್ತವೆ. ಗಿಡ ಸತ್ತಿತೆಂದು ಹೊಸಬರು ಕಿತ್ತೆಸೆಯುವುದು ಆಗಲೇ. ಬೇರು ಮಾತ್ರ ಮಣ್ಣಿನೊಳಗೆ ಗಟ್ಟಿಯಾಗಿರುತ್ತದೆ, ಬಿಟ್ಟರೆ ಕೆಲವು ವಾರಗಳಲ್ಲಿ ಚಿಗುರುತ್ತದೆ. ಅಪೊನೊಜೆಟಾನ್‌ನ ಕೆಲವು ಜಾತಿಗಳು ವರ್ಷದಲ್ಲಿ ಒಂದಷ್ಟು ಕಾಲ ಎಲೆ ಉದುರಿಸಿ ಗೆಡ್ಡೆಯಾಗಿ ಮಲಗುತ್ತವೆ. ಅವಕ್ಕೂ ಇದೇ ಗತಿ. ಉದ್ದಾಲಕ ಹೇಳಿದಂತೆ ಜೀವ ಎಲೆಯನ್ನು ಬಿಟ್ಟಿದೆ, ಗಿಡವನ್ನು ಬಿಟ್ಟಿಲ್ಲ. ಇದನ್ನು ತಿಳಿಯದೆ ಎಸೆದ ಗೆಡ್ಡೆ ಈ ಹವ್ಯಾಸದಲ್ಲಿ ನಡೆಯುವ ಹಿಂಸೆಗೆ ಅತ್ಯಂತ ಶುದ್ಧ ಉದಾಹರಣೆ. ಕೊಲ್ಲುವ ಉದ್ದೇಶವಿಲ್ಲ, ದ್ವೇಷವಿಲ್ಲ, ಬರೀ ಪ್ರಮಾದ.

ಅನ್ನಪಾನನಿರೋಧ, ಅತಿಭಾರಗಳು ಜೊತೆಜೊತೆಯಾಗಿ ನಡೆಯುತ್ತವೆ. ದೀಪವನ್ನು ಹೆಚ್ಚಿಸಿ, ಇಂಗಾಲವನ್ನೂ ಪೊಟ್ಯಾಶಿಯಂ ಕಬ್ಬಿಣಗಳನ್ನೂ ಕೊಡದಿದ್ದರೆ ಗಿಡ ಶಕ್ತಿಮೀರಿ ದುಡಿಯುವಂತಾಗಿ ಉಣ್ಣಲು ಸಿಗದೆ ಸೊರಗುತ್ತದೆ. ಎಲೆಯಲ್ಲಿ ತೂತು ಬೀಳುತ್ತದೆ, ಮೇಲೆ ಪಾಚಿ ಕಟ್ಟುತ್ತದೆ. ಪಾಚಿಯನ್ನು ಜೈನ ಗ್ರಂಥಗಳು ವನಸ್ಪತಿಕಾಯದಲ್ಲೇ ಎಣಿಸುತ್ತವೆ, ಆದ್ದರಿಂದ ಅದನ್ನು ಕೊಲ್ಲುವುದೂ ಲೆಕ್ಕಕ್ಕೆ ಬರುತ್ತದೆ. ಅನೇಕರು ಹಿಡಿಯುವ ಸುಲಭದ ದಾರಿ ದ್ರವ ಇಂಗಾಲದ ಹೆಸರಿನಲ್ಲಿ ಮಾರುವ ಗ್ಲುಟರಾಲ್ಡಿಹೈಡ್. ಆಸ್ಪತ್ರೆಗಳಲ್ಲಿ ಉಪಕರಣಗಳ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೂ ಬಳಕೆಯಾಗುವ ಇದೇ ರಾಸಾಯನಿಕ ಪಾಚಿಯನ್ನು ಸುಡುತ್ತದೆ, ಪ್ರಮಾಣ ತಪ್ಪಿದರೆ ವ್ಯಾಲಿಸ್ನೇರಿಯಾವನ್ನೂ ಕರಗಿಸುತ್ತದೆ. ದೀಪದ ಹೊತ್ತನ್ನು ಕಡಿಮೆ ಮಾಡಿ, ಬೇಗ ಬೆಳೆಯುವ ಗಿಡಗಳನ್ನು ಹೆಚ್ಚಿಸಿ ಪಾಚಿಗೆ ಜಾಗವಿಲ್ಲದಂತೆ ಮಾಡುವುದು ನಿಧಾನದ ದಾರಿ. ಕೊಲೆಯ ಅಗತ್ಯವನ್ನೇ ಹುಟ್ಟದಂತೆ ನೋಡಿಕೊಳ್ಳುವುದು ಅಪ್ರಮಾದದ ಲಕ್ಷಣವಾದರೆ, ಈ ಎರಡರಲ್ಲಿ ಯಾವುದು ಮೇಲು ಎಂದು ಬೇರೆ ಹೇಳಬೇಕಾಗಿಲ್ಲ.

ಗಿಡ ಮಾತ್ರ ಎಂದು ಇಟ್ಟ ತೊಟ್ಟಿಯೂ ಬಹುಕಾಲ ಹಾಗೆ ಉಳಿಯುವುದಿಲ್ಲ. ಎಲೆಯ ಅಡಿಗೆ ಅಂಟಿದ ಲೋಳೆಯ ಮೊಟ್ಟೆಗಳ ಜೊತೆ ಬಸವನಹುಳುಗಳು ಬರುತ್ತವೆ. ಶಂಖದ ಜೊತೆಗೆ ಇವನ್ನು ಜೈನರು ದ್ವೀಂದ್ರಿಯ, ಅಂದರೆ ತ್ರಸ ಎಂದು ಎಣಿಸುತ್ತಾರೆ. ಗೃಹಸ್ಥನಿಗೆ ಸ್ಥಾವರದಲ್ಲಿ ಇರುವ ಸಡಿಲ ಇಲ್ಲಿಲ್ಲ. ಬೇಕೆಂದೇ ತ್ರಸವನ್ನು ಕೊಲ್ಲುವುದು ಸಂಕಲ್ಪಿ ಹಿಂಸೆ, ಅದನ್ನು ಅಣುವ್ರತಿಯೂ ಬಿಡಬೇಕು. ಹೊಸ ಗಿಡವನ್ನು ಬ್ಲೀಚಿಂಗ್ ದ್ರಾವಣದಲ್ಲೋ ಪೊಟ್ಯಾಶಿಯಂ ಪರ್ಮಾಂಗನೇಟಿನಲ್ಲೋ ಅದ್ದಿ ಮೊಟ್ಟೆ ಕೊಲ್ಲುವ ರೂಢಿ ಇಲ್ಲಿ ನಿಲ್ಲುವುದಿಲ್ಲ. ಅಂಗಾಂಶ ಕೃಷಿಯ ಸಸಿಗಳಲ್ಲಿ ಹುಳುವೂ ಇಲ್ಲ, ಮೊಟ್ಟೆಯೂ ಇಲ್ಲ. ಅಹಿಂಸೆಯ ದೃಷ್ಟಿಯಿಂದ ಅವುಗಳ ನಿಜವಾದ ಲಾಭ ಇದು. ಹುಳು ಬಂದೇಬಿಟ್ಟರೆ ಅದನ್ನು ಇರಗೊಡುವುದೇ ಸರಿ. 1850ರಲ್ಲಿ ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ ಮೀನು, ವ್ಯಾಲಿಸ್ನೇರಿಯಾಗಳಿದ್ದ ತನ್ನ ತೊಟ್ಟಿಯ ಪ್ರಯೋಗವನ್ನು ವರದಿ ಮಾಡಿದಾಗ, ಕೊಳೆತ ಎಲೆಗಳಿಂದ ಕೆಡುತ್ತಿದ್ದ ನೀರನ್ನು ಸರಿಪಡಿಸಿದ್ದು ಬಸವನಹುಳು ಎಂದು ತೋರಿಸಿದ. ಜೀವಗಳು ಒಂದಕ್ಕೊಂದು ಉಪಕಾರಿ ಎಂಬ ತತ್ತ್ವಾರ್ಥಸೂತ್ರದ ಮಾತಿಗೆ ಹವ್ಯಾಸದ ಚರಿತ್ರೆಯ ಮೊದಲ ಪುಟದಲ್ಲೇ ದೃಷ್ಟಾಂತವಿದೆ.

ಇನ್ನು ಸಂಗ್ರಹದ ಮಾತು. ಒಂದೊಂದು ಜಾತಿಯದೂ ಒಂದೊಂದು ಇರಲೇಬೇಕೆಂಬ ಹಂಬಲ ಈ ಹವ್ಯಾಸಿಗಳಲ್ಲಿ ಸಾಮಾನ್ಯ, ಬ್ಯೂಸಿಫಲಾಂಡ್ರಾದಲ್ಲಿ ಅದರ ತೀವ್ರ ರೂಪ ಕಾಣುತ್ತದೆ. ಒಂದೇ ಜಾತಿಯ ಎಲೆಯಂಚು ತುಸು ಬೇರೆಯಾದರೂ ಹೊಸ ವ್ಯಾಪಾರಿ ಹೆಸರು, ಹೊಸ ಬೆಲೆ. ಬೋರ್ನಿಯೋದ ಹೊಳೆಬಂಡೆಗಳಿಂದ ಕೆತ್ತಿ ತಂದ ಕಾಡುಗಿಡಗಳೂ ಆ ಮಾರುಕಟ್ಟೆಗೆ ಬಂದಿವೆ. ಪರಿಗ್ರಹವನ್ನು ತತ್ತ್ವಾರ್ಥಸೂತ್ರ ಮೂರ್ಛೆ, ಅಂದರೆ ವಸ್ತುವಿಗೆ ಅಂಟಿಕೊಂಡ ಮನಸ್ಸು ಎಂದು ಹೇಳುತ್ತದೆ, ವಸ್ತುವಿನ ರಾಶಿ ಎಂದಲ್ಲ. ಆದರೂ ಗೃಹಸ್ಥನಿಗೆ ವ್ರತವಾಗಿ ಕೊಟ್ಟದ್ದು ಪರಿಗ್ರಹ ಪರಿಮಾಣ: ಇಷ್ಟೇ ಸಾಕು ಎಂದು ಮೊದಲೇ ಗೆರೆ ಎಳೆದುಕೊಳ್ಳುವುದು. ಗಿಡದ ತೊಟ್ಟಿಗೆ ಈ ಪರಿಮಾಣವನ್ನು ಜಾತಿಗಳ ಎಣಿಕೆಯಿಂದ ಹಾಕುವುದಕ್ಕಿಂತ ಗಮನದ ಅಳತೆಯಿಂದ ಹಾಕುವುದು ಸರಿ. ಯಾವ ಗಿಡಕ್ಕೆ ಯಾವ ಬೆಳಕು, ಯಾವುದರ ಗೆಡ್ಡೆ ಮಲಗಿದೆ, ಯಾವುದನ್ನು ಯಾವುದು ಮುಚ್ಚುತ್ತಿದೆ ಎಂದು ಸಾಕುವವನಿಗೆ ಗೊತ್ತಿರುವಷ್ಟು ಜಾತಿಗಳು ಸಲ್ಲುತ್ತವೆ. ಐವತ್ತು ಜಾತಿಯನ್ನು ಬಲ್ಲವನಿಗೆ ಐವತ್ತೂ ಸರಿ, ಐದನ್ನು ಮಾತ್ರ ಬಲ್ಲವನಿಗೆ ಆರನೆಯದು ಹೆಚ್ಚು. ವೈವಿಧ್ಯ ಸ್ವತಃ ಪುಣ್ಯವೂ ಅಲ್ಲ, ಪಾಪವೂ ಅಲ್ಲ.

ಕೊನೆಯದು ವಿಲೇವಾರಿ. ದಯೆಯೇ ದಾರಿ ತಪ್ಪಿಸುವ ಜಾಗವಿದು. ಕತ್ತರಿಸಿದ ಕುಡಿಗಳನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ ಕೆರೆಗೋ ಕಾಲುವೆಗೋ ಬಿಟ್ಟು ಬದುಕಿಕೊಳ್ಳಲಿ ಎನ್ನುವವರಿದ್ದಾರೆ. ಅವು ಬದುಕುತ್ತವೆ, ಅದೇ ತೊಂದರೆ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರಕ್ಕೆಂದು ಶ್ರೀಲಂಕಾದಿಂದ ಫ್ಲಾರಿಡಾಕ್ಕೆ ಹೋದ ಹೈಡ್ರಿಲ್ಲಾ ಅಲ್ಲಿನ ಕಾಲುವೆ ಸೇರಿ, ಬೀಜವಿಲ್ಲದೆ ಬರೀ ತುಂಡುಗಳಿಂದ, ಗೆಡ್ಡೆಗಳಿಂದ ಹಬ್ಬಿ ನದಿ ಸರೋವರಗಳನ್ನು ಮುಚ್ಚಿತು. ಮುಂದೆ ಡಿಎನ್‌ಎ ಹೋಲಿಸಿ ನೋಡಿದಾಗ ಅದಕ್ಕೆ ಹತ್ತಿರವಾಗಿ ಕಂಡ ಮಾದರಿಗಳಲ್ಲಿ ಬೆಂಗಳೂರಿನದೂ ಇತ್ತು. ನಮ್ಮ ಕೆರೆಯಲ್ಲಿ ಸಹಜವಾಗಿರುವ ಗಿಡ ಇನ್ನೊಬ್ಬರ ಕೆರೆಯಲ್ಲಿ ಉಪದ್ರವ. ಇದರ ತಿರುಗುಮುರುಗೂ ಹೀಗೆಯೇ. ಅಮೆರಿಕ ಖಂಡದಿಂದ ಬಂದ ಕಬೊಂಬಾ 2020ರ ಕೊನೆಯಲ್ಲಿ ಕೇರಳದ ಕೋಳಿಕೋಡ್ ಜಿಲ್ಲೆಯ ಆವಳದಲ್ಲಿ ನೀರನ್ನೆಲ್ಲ ಗುಲಾಬಿ ಹೂಗಳಿಂದ ತುಂಬಿತು. ನೋಡಲು ಜನ ನೆರೆದರು, ಕೆಳಗಿನ ನೀರಿಗೆ ಬೆಳಕು ತಪ್ಪಿತು. ಬೆಳ್ಳಂದೂರು ಕೆರೆಯನ್ನು ಮುಚ್ಚಿದ ನೀಲಿ ಹೂವಿನ ಜಲಕಳೆಯೂ ಚಂದಕ್ಕೆಂದೇ ಬ್ರೆಜಿಲ್ ಕಡೆಯಿಂದ ಜಗತ್ತಿಗೆ ಹೊರಟದ್ದು. ಒಂದು ಹಿಡಿ ಏಕೇಂದ್ರಿಯಗಳನ್ನು ಉಳಿಸಹೋಗಿ ಒಂದು ಕೆರೆಯ ಮೀನು, ಕಪ್ಪೆ, ಕೀಟಗಳನ್ನು, ಅಂದರೆ ಲೆಕ್ಕವಿಲ್ಲದ ತ್ರಸಗಳನ್ನು, ಕೊಲ್ಲುವ ದಯೆ ಇದು.

ಜೈನ ಮನೆಗಳ ಹಳೆಯ ಒಂದು ಆಚಾರದಲ್ಲಿ ಇದಕ್ಕೆ ಉತ್ತರವಿದೆ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ಸೇದಿದ ಅದೇ ಬಾವಿಗೆ ಮೆಲ್ಲನೆ ಮರಳಿಸಬೇಕು. ಬೇರೆ ನೀರಿಗೆ ಹಾಕುವಂತಿಲ್ಲ, ಅಲ್ಲಿ ಅವೂ ಸಾಯುತ್ತವೆ, ಅಲ್ಲಿನವೂ ಸಾಯುತ್ತವೆ. ತೊಟ್ಟಿಯ ಗಿಡಕ್ಕೆ ಮರಳಿ ಹೋಗಲು ಅಂಥ ಬಾವಿಯಿಲ್ಲ. ಅದರ ಊರು ಬೋರ್ನಿಯೋದಲ್ಲಿದೆ, ಕ್ಯಾಮರೂನಿನಲ್ಲಿದೆ, ಅಥವಾ ಪ್ರಯೋಗಾಲಯದ ಡಬ್ಬಿಯಲ್ಲಿದೆ. ಆದ್ದರಿಂದ ಹೆಚ್ಚಾದ ಕುಡಿಗಳನ್ನು ಇನ್ನೊಬ್ಬ ಸಾಕುವವರಿಗೆ ಕೊಡಬೇಕು. ತೆಗೆದುಕೊಳ್ಳುವವರಿಲ್ಲದಿದ್ದರೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕುಂಡದ ಗೊಬ್ಬರಕ್ಕೆ ಸೇರಿಸಬೇಕು, ಬದಲಿಸಿದ ನೀರನ್ನು ಸೋಸಿ ಗಿಡಗಳ ಬುಡಕ್ಕೇ ಹೊಯ್ಯಬೇಕು, ಚರಂಡಿಗಲ್ಲ. ಒಣಗಿಸುವುದೂ ಹಿಂಸೆಯೇ, ಅದನ್ನು ಬೇರೆ ಹೆಸರಿನಿಂದ ಕರೆಯುವ ಅಗತ್ಯವಿಲ್ಲ. ಆದರೆ ತೊಟ್ಟಿ ಇಟ್ಟ ದಿನವೇ ಗೃಹಸ್ಥ ಒಪ್ಪಿಕೊಂಡ ಅಲ್ಪ ಘಾತದೊಳಗೆ ಅದು ಬರುತ್ತದೆ. ಕೆರೆಗೆ ಬಿಡುವುದು ಆ ಗೆರೆಯ ಹೊರಗಿನದು, ಅದಕ್ಕೆ ಯಾವ ಶ್ರಾವಕಾಚಾರದಲ್ಲೂ ಅನುಮತಿ ಸಿಗದು.